ಫೋನಿನಲ್ಲಿ ಬಿದ್ದ ಮಳೆ

ಮಳೆಯ ವಿಷಯದಲ್ಲಿ ನಿಜ ಹೇಳುವ ಕಾಫಿ ಬೆಳೆಗಾರನನ್ನು ನಾನಿನ್ನೂ ಕಂಡಿಲ್ಲ, ಕನ್ನಡಿಯಲ್ಲೂ ಕಂಡಿಲ್ಲ. ಮಾರ್ಚಿನಲ್ಲಿ ಕಾಫಿಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದ ಮರುಬೆಳಗ್ಗೆ ಸಕಲೇಶಪುರದ ಸುತ್ತ ಎಲ್ಲರ ಫೋನೂ ಎಂಗೇಜು. ‘ನಿಮ್ಮಲ್ಲೆಷ್ಟು?’ ಎಂಬುದೊಂದೇ ಪ್ರಶ್ನೆ. ಒಂದಿಂಚಿಗಿಂತ ಕಡಿಮೆ ಹೇಳಿದರೆ ಮನೆತನದ ಮರ್ಯಾದೆ ಹೋದಂತೆ. ಮಳೆ ಸುರಿಸುವವನು ಮೇಲಿದ್ದರೂ, ಕಡಿಮೆ ಬಿದ್ದದ್ದು ನಮ್ಮದೇ ಕೈಲಾಗದತನವೆಂಬಂತೆ ನಾಚುತ್ತೇವೆ.

ಹೂಮಳೆ ಕೈಕೊಟ್ಟ ಮೂರನೆಯ ವರ್ಷ ಅದು. ಅಂಗಳದಲ್ಲಿದ್ದ ಮಳೆ ಅಳೆಯುವ ಡಬ್ಬಿಯ ತಳ ನೆನೆದಿತ್ತು, ಅಷ್ಟೇ. ಈ ಅರೆಮಳೆ ಬಲು ಕೆಟ್ಟದ್ದು. ಮೊಗ್ಗನ್ನು ಎಬ್ಬಿಸುತ್ತದೆ, ಅರಳಲು ನೀರು ಕೊಡುವುದಿಲ್ಲ. ಕೂಡಲೇ ಸ್ಪ್ರಿಂಕ್ಲರ್ ಹಾಕದಿದ್ದರೆ ಮುಂದಿನ ಫಸಲಿನ ಆಸೆ ಬಿಡಬೇಕು. ಹಳ್ಳದಲ್ಲಿ ನೀರೇನೋ ಇತ್ತು. ಪಂಪ್‌ಸೆಟ್ ಮಾತ್ರ ನನಗೂ ಪಕ್ಕದ ತೋಟದ ಫೆಲಿಕ್ಸನಿಗೂ ಸೇರಿ ಒಂದೇ, ಅದೂ ಅವನ ಶೆಡ್ಡಿನಲ್ಲಿ. ಕೇಳೋಣವೆಂದು ಫೋನು ಮಾಡಿದೆ.

“ಮಳೆ ಹೆಂಗೋ ಫೆಲಿಕ್ಸ್?”

“ಒಂದಿಂಚು ಬಿತ್ತು ಮಾರಾಯ. ನಿಮ್ಮಲ್ಲಿ?”

“ಒಂದೂಕಾಲು,” ಎಂದೆ.

“ಪಂಪು ಏನಾದ್ರೂ ಬೇಕಿತ್ತಾ?”

“ಪಂಪು ಯಾಕೋ? ಇಲ್ಲಿ ಕಾಲಿಟ್ರೆ ಕೆಸರೈತೆ.”

ಹೆಂಡತಿ ಅಲ್ಲೇ ಅಂಗಳ ಗುಡಿಸುತ್ತಿದ್ದಳು. ಎದ್ದ ಧೂಳಿಗೆ ನನಗೆ ಕೆಮ್ಮು ಬಂತು. “ಇಬ್ರೂ ಬಾಯಲ್ಲೇ ಮಳೆ ಸುರಿಸ್ಕೊಂಡು ಕೂತ್ಕಳಿ, ತೋಟ ಒಣಗೋಗ್ಲಿ,” ಎಂದು ಪೊರಕೆ ಬಿಸಾಕಿ ಒಳಗೆ ಹೋದಳು.

ಮೊಗ್ಗು ಸುಟ್ಟುಹೋಯಿತು. ವಾರದ ಮೇಲೆ ಬೇಲಿಯಾಚೆ ನೋಡಿದರೆ ಫೆಲಿಕ್ಸನ ತೋಟವೂ ಕರಕಲು. ಪಂಪು ಶುರು ಮಾಡಿದರೆ ಸದ್ದು ನನಗೆ ಕೇಳಿಸುತ್ತದೆಂದು ಪುಣ್ಯಾತ್ಮ ಅದನ್ನು ಮುಟ್ಟಿರಲಿಲ್ಲ. ಇಬ್ಬರೂ ಬೇಲಿಯ ಆಚೀಚೆ ನಿಂತು, ಮಳೆಯ ಮಾತೆತ್ತದೆ, ಎಲ್ಲಕ್ಕೂ ಕಾಂಡಕೊರಕ ಹುಳುವನ್ನು ಬೈದೆವು. ಸಿಟ್ಟು ಅವನ ಮೇಲೋ ನನ್ನ ಮೇಲೋ ತಿಳಿಯದೆ ಅವತ್ತು ಊಟ ಸೇರಲಿಲ್ಲ.

ಜೂನಿನ ಹೊತ್ತಿಗೆ ಬೆಂಗಳೂರಿನಿಂದ ಸಂಶೋಧನೆ ಮಾಡುವ ಒಬ್ಬ ಹುಡುಗಿ ಬಂದಳು. ಹವಾಮಾನ ಏಕಾಏಕಿ ಕೆಡುವ ಮೊದಲು ಸಣ್ಣಪುಟ್ಟ ಸೂಚನೆ ಕೊಡುತ್ತದಂತೆ. ಅದನ್ನು ಹಿಡಿಯಲು ಮಗ್ಗೆಯಿಂದ ಹೊಂಗಡಹಳ್ಳದವರೆಗೆ ಪಾಪ, ತೋಟ ತೋಟ ಅಲೆದು ಹೂಮಳೆ ವಿಚಾರಿಸುತ್ತಿದ್ದಳು. “ಈಚೆಗೆ ಕಡಿಮೆಯಾಗಿದ್ರೆ ಹೇಳಿ ಸರ್, ನನಗೆ ಬೇಕಾಗಿರೋದೇ ಅದು,” ಎಂದಳು. ಹೇಳಿಬಿಡೋಣವೆಂದೇ ಬಾಯಿ ತೆರೆದೆ. ಹೊರಬಿದ್ದದ್ದು, “ಫೆಲಿಕ್ಸ್ ಎಷ್ಟು ಹೇಳಿದ?”

ಕೆಲವು ತಿಂಗಳಾದ ಮೇಲೆ ಆಕೆಯ ಫೋನು ಬಂತು. “ನಿಮ್ಮ ಕಡೆ ಹೆದರೋ ಸೂಚನೆ ಏನೂ ಸಿಗಲಿಲ್ಲ ಸರ್. ಹೂಮಳೆ ಎಲ್ಲರಿಗಿಂತ ಹೆಚ್ಚು ನಿಮ್ಮ ತೋಟದಲ್ಲೇ.” ಕಾಯಿಲ್ಲದ ಗಿಡಗಳಿಗೆ ಬೆನ್ನು ಹಾಕಿ ಕೂತಿದ್ದ ನನಗೆ, ಏನು ಹೇಳಲಿ, ಖುಷಿಯಾಯಿತು. ಕೂಡಲೇ ಫೆಲಿಕ್ಸನಿಗೆ ಫೋನು ಮಾಡಿ ತಿಳಿಸಿದೆ.