ಮೀನಿನ ಪಾತ್ರೆಗೆ ಚೀಟಿ

ಡಾಕ್ಟರು ಹೇಳುವುದೊಂದು, ಜನ ಮನೆಗೆ ಹೋಗಿ ಮಾಡುವುದು ಇನ್ನೊಂದು. ಐವತ್ತರ ದಶಕದಲ್ಲಿ ಒಂಟಿಕೊಪ್ಪಲಿನ ಒಬ್ಬ ಡಾಕ್ಟರ ಷಾಪಿನಲ್ಲಿ ಕಾಂಪೌಂಡರಾಗಿದ್ದ ನಾನು ಇದನ್ನು ದಿನವೂ ನೋಡುತ್ತಿದ್ದೆ. ಡಾಕ್ಟರೂ ನಾನೂ ಮೀನು ಮುಟ್ಟದ ಸೊಪ್ಪುಸಾರಿನವರು. ಆದರೂ ಅವರು ಮೀನಿನ ಗುಣ ಹೇಳತೊಡಗಿದರೆ ನನಗೇ ಹಸಿವಾಗುತ್ತಿತ್ತು.

೧. ಶುಕ್ರವಾರದ ಲಾರಿ

ಸೌದೆ ಡಿಪೋ ಮನೆಯ ಯಜಮಾನಿ ಬಾಣಂತಿ ಸೊಸೆಯನ್ನು ಕರೆತಂದರು. ಹುಡುಗಿ ಬಿಳಿಚಿಕೊಂಡಿದ್ದಳು. ಕೂಸಿಗೆ ಹಾಲು ಸಾಲದು.

"ಸಮುದ್ರದ ಮೀನು ಕೊಡಿ. ಮೈಗೆ ಶಕ್ತಿ, ಎಲುಬಿಗೆ ಬಲ, ಕಣ್ಣಿಗೂ ಒಳ್ಳೆಯದು. ವಾರವಾರ ತಪ್ಪಬಾರದು," ಎಂದರು ಡಾಕ್ಟರು.

ಅತ್ತೆ ಬೆರಳು ಮಡಿಸಿದರು. "ಸ್ವಾಮಾರ ಸಿವಂದು, ಸನಿವಾರ ತಿಮ್ಮಪ್ಪಂದು, ಸುಕ್ರವಾರ ಲಕ್ಸ್ಮೀದು. ಮಂಗ್ಳೂರಿಂದ ಮೀನಿನ ಲಾರಿ ಬರಾದೇ ಸುಕ್ರವಾರ ಕಣ್ ಸ್ವಾಮಿ!"

"ಔಷಧ ಅಂದುಕೊಳ್ಳಿ ತಾಯಿ. ದೇವರಿಗೆ ನಾನು ಹೇಳ್ತೀನಿ."

"ದೇವ್ರಿಗೆ ನಾನೇ ಯೋಳ್ಕತೀನಿ ಬುಡಿ. ನೀವು ಲಾರಿಯವನಿಗೆ ಯೋಳಿ."

ಲಾರಿಯವನು ಒಪ್ಪಲಿಲ್ಲ. ಲಕ್ಷ್ಮಿಯೇ ಒಪ್ಪಿದಳು.

೨. ತೂಕ

ತಿಂಗಳಾದ ಮೇಲೆ ಸೊಸೆಯನ್ನು ತೂಗಿದೆವು. ಅರ್ಧ ಪೌಂಡೂ ಏರಿರಲಿಲ್ಲ.

"ಮೀನು ಮಾಡ್ತಿದ್ದೀರಾ?"

"ಒಂದ್ ವಾರನೂ ತಪ್ಸಿಲ್ಲ."

"ಇವಳು ತಿಂತಾಳಾ?"

"ಅಯ್ಯೋ, ಮಾಡೋಳೇ ಅವಳು!"

ಸೊಸೆ ನೆಲ ನೋಡುತ್ತ ಹೇಳಿದಳು: "ಎಲ್ರಿಗೂ ಇಕ್ಕಿ ಆಮೇಲೆ ಉಣ್ತೀನಿ. ತುಂಡು ಉಳಿಯಾಕಿಲ್ಲ. ಸಾರು ಚೆನ್ನಾಗಿರ್ತದೆ."

ಡಾಕ್ಟರು ಅತ್ತೆಯ ತುಂಬಿದ ಕೆನ್ನೆ ನೋಡಿ ನಿಟ್ಟುಸಿರುಬಿಟ್ಟರು. "ನನ್ನ ಔಷಧ ಕೆಲಸ ಮಾಡಿದೆ. ವಿಳಾಸ ಮಾತ್ರ ತಪ್ಪಿದೆ."

೩. ಚೀಟಿ

ಆ ಮನೆಯಲ್ಲಿ ಒಬ್ಬರ ಔಷಧವನ್ನು ಇನ್ನೊಬ್ಬರು ಮುಟ್ಟುತ್ತಿರಲಿಲ್ಲ, ಅಷ್ಟು ಭಯ. ಇದು ನನಗೆ ಗೊತ್ತಿತ್ತು. ಮನೆಯಿಂದ ಒಂದು ಪಾತ್ರೆ ತರಿಸಿ, ಔಷಧದ ಸೀಸೆಗೆ ಅಂಟಿಸುವಂತೆಯೇ ಚೀಟಿ ಬರೆದು ಅಂಟಿಸಿದೆ: 'ಸೊಸೆಗೆ ಮಾತ್ರ. ಹೊತ್ತಿಗೆ ಮೂರು ತುಂಡು. ಮೊದಲು ಇದನ್ನು ತುಂಬತಕ್ಕದ್ದು.' ಅತ್ತೆಗೆ ಎರಡು ಸಲ ಓದಿ ಹೇಳಿದೆ. ಅವರು ಪಾತ್ರೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಮುಂದಿನ ತಿಂಗಳು ಸೊಸೆಯ ಮುಖಕ್ಕೆ ಕಳೆ ಬಂದಿತ್ತು. ಕೂಸು ಹಾಲು ಕುಡಿದು ಅವಳ ಹೆಗಲ ಮೇಲೆ ನಿದ್ದೆ ಹೊಡೆಯುತ್ತಿತ್ತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅತ್ತೆ ಚೀಲದಿಂದ ಇನ್ನೊಂದು ಪಾತ್ರೆ ತೆಗೆದು ನನ್ನ ಮುಂದಿಟ್ಟರು. ಸೊಸೆಯದಕ್ಕಿಂತ ದೊಡ್ಡದು.

"ಇದೇನಮ್ಮ?"

"ನಂಗೂ ಒಂದ್ ಚೀಟಿ ಅಂಟ್ಸಿ ಕಣ್ರೀ. ಅವಳ ಪಾತ್ರೆ ತುಂಬುದ್ ಮೇಲೆ ನಂಗೆ ಉಳಿಯಾದು ಬರೀ ಸಾರು!"

ಸೊಸೆ ಈ ಸಲ ತಲೆಯೆತ್ತಿ ಹೇಳಿದಳು: "ಸಾರು ಚೆನ್ನಾಗಿರ್ತದೆ ಅತ್ತೆ."