ದೊಡ್ಡ ಬೊಟ್ಟಿನ ತೇಗ

ನನಗೆ ಬಾರದ ವಿದ್ಯೆಗಳು ಬೇಕಾದಷ್ಟಿವೆ. ಆದರೆ ಅರ್ಜಿ ಬರೆಯುವುದು ಅವುಗಳಲ್ಲಿ ಸೇರಿಲ್ಲ ಎಂದು ದೃಢವಾಗಿ ನಂಬಿದ್ದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಪಕ್ಕದಲ್ಲೇ ನಿಂತು ತಿದ್ದಿಸಿದ ಅಕ್ಷರ ನನ್ನದು! ಆದ್ದರಿಂದ ನಮ್ಮ ಹೊಲದ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂದು ತಿಳಿದಾಗ, "ನೀವು ಆರಾಮಾಗಿ ಬ್ಯಾಂಕಿಗೆ ಹೋಗಿ ಬನ್ನಿ, ಇದು ನನ್ನ ಜವಾಬ್ದಾರಿ" ಎಂದು ಯಜಮಾನರಿಗೆ ಅಭಯವಿತ್ತೆ.

ವಿಷಯ ಇಷ್ಟೆ. ಮಧುಗಿರಿಯಲ್ಲಿ ಮನೆ ಕಟ್ಟಿಸುತ್ತಿದ್ದೆವು. ಹೊಳವನಹಳ್ಳಿ ಹತ್ತಿರದ ಹೊಲದ ಬದುವಿನಲ್ಲಿ ಮಾವನವರು ನೆಟ್ಟ ನಾಲ್ಕು ತೇಗದ ಮರಗಳಿದ್ದವು. ಅತ್ತೆಯದು ಒಂದೇ ಹಟ: "ವಾಸಕಲ್ಲು ನಿಮ್ಮಾವ ನೆಟ್ಟ ಮರದ್ದೇ ಆಗ್ಬೇಕು. ಇಲ್ದಿದ್ರೆ ನಾನು ಆ ಮನೆಯೊಳಕ್ಕೆ ಕಾಲಿಡಾಕಿಲ್ಲ, ಅಷ್ಟೇಯ!" ವಾಸಕಲ್ಲು, ಅಂದರೆ ಮುಂಬಾಗಿಲಿನ ಚೌಕಟ್ಟು, ನಿಲ್ಲಿಸುವ ಮುಹೂರ್ತಕ್ಕೆ ಇನ್ನು ಎರಡು ತಿಂಗಳು.

ಅರ್ಜಿಯ ಜೊತೆ ಮರಗಳಿರುವ ಜಾಗದ ನಕ್ಷೆ ಕೇಳಿದ್ದರು. ಬದು, ಬೇಲಿ, ಬಾವಿ ಎಲ್ಲವನ್ನೂ ಬಣ್ಣದ ಪೆನ್ಸಿಲಿನಲ್ಲಿ ಬರೆದೆ. ಇಲಾಖೆಯ ಗುಮಾಸ್ತರು ಕನ್ನಡಕ ಏರಿಸಿ ನೋಡಿದರು.

"ಇದೇನಮ್ಮ, ಮೂರನೇ ಮರದ ಮೇಲೆ ಇಡ್ಲಿ ತಟ್ಟೆ ಇಟ್ಟಿದ್ದೀರಿ?"

"ಕಾಗೆ ಗೂಡು ಸಾರ್."

"ನಾವು ಕೇಳಿದ್ವಾ?"

"ಇತ್ತು ಸಾರ್, ಅದಕ್ಕೆ ಬರೆದೆ."

"ಹಂಗಾದ್ರೆ ಮರಿ ಹಾರಿಹೋದ್ಮೇಲೆ ಬನ್ನಿ."

ಮೂರು ವಾರ ಹೋಯಿತು. ಪ್ರಾಮಾಣಿಕತೆಗೆ ಸರ್ಕಾರಿ ಕಚೇರಿಯಲ್ಲಿ ಸಿಕ್ಕ ಮರ್ಯಾದೆ!

ಕಾಗೆ ಸಂಸಾರ ಸ್ಥಳಾಂತರಗೊಂಡ ಮೇಲೆ ಫಾರೆಸ್ಟ್ ಗಾರ್ಡ್ ಹೊಲಕ್ಕೆ ಬಂದರು. ನಾಲ್ಕೂ ಮರಗಳನ್ನು ಸುತ್ತಿ, ಕೊನೆಯಲ್ಲಿದ್ದ ಸೊಟ್ಟ ಮರದ ತೊಗಟೆಯನ್ನು ಅಂಗೈಯಗಲ ಕೆತ್ತಿ, ಕೆಂಪು ಬಣ್ಣದಲ್ಲಿ ನಂಬರ್ ಬರೆದು, ಸುತ್ತಿಗೆಯಿಂದ ಇಲಾಖೆಯ ಮುದ್ರೆ ಒತ್ತಿದರು.

"ಇದೊಂದೇ ಕಡೀರಿ. ಇದು ಹೋದ್ರೆ ಉಳಿದವಕ್ಕೆ ಬಿಸ್ಲು ಬೀಳ್ತದೆ. ಆ ದಪ್ಪಂದು ನೆಟ್ಟಗೆ ಬೆಳೀತೈತೆ, ಅದ್ರ ತಂಟೆಗೆ ಹೋಗ್ಬೇಡಿ. ಕಡಿದ ಒಂದಕ್ಕೆ ಎರಡು ಸಸಿ ನೆಡ್ಬೇಕು, ಗ್ಯಾಪ್ಕ ಇರ್ಲಿ."

ಅರಣ್ಯ ನೀತಿ ಇಷ್ಟು ಸುಲಭವೆಂದು ನನಗೆ ಗೊತ್ತೇ ಇರಲಿಲ್ಲ. ತಲೆಯಾಡಿಸಿದೆ. ಆ ತಲೆಯಲ್ಲೇನಿತ್ತೋ ದೇವರೇ ಬಲ್ಲ.

ಕಡಿಯುವ ದಿನ ಬೆಳಿಗ್ಗೆ ಅತ್ತೆ, "ಕೊಡ್ಲಿ ಬೀಳೋಕ್ ಮುಂಚೆ ಮರಕ್ಕೆ ಪೂಜೆ ಮಾಡ್ಬೇಕು ಕಣಮ್ಮ, ಕ್ಷಮೆ ಕೇಳ್ಬೇಕು" ಎಂದು ಅರಿಸಿನ ಕುಂಕುಮದ ತಟ್ಟೆ ಕೊಟ್ಟರು. ಸೊಟ್ಟ ಮರದ ಮುಂದೆ ನಿಂತೆ. ಕೆತ್ತಿದ ಜಾಗದಲ್ಲಿ ಕೆಂಪು ಬಣ್ಣ ಸೋರಿ ಒಣಗಿತ್ತು. ನೋಡಲು ಥೇಟ್ ಗಾಯ! ಗಾಯಕ್ಕೇನು ಹಚ್ಚುತ್ತಾರೆ? ಅರಿಸಿನ. ನೀರಿನಲ್ಲಿ ಗಟ್ಟಿಯಾಗಿ ಕಲಸಿ, ನಂಬರು, ಮುದ್ರೆ, ಸರ್ಕಾರ ಎಲ್ಲದರ ಮೇಲೂ ದಪ್ಪಗೆ ಮೆತ್ತಿದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ನಾನು ನಾನಾಗುತ್ತಿರಲಿಲ್ಲ. ಉಳಿದ ಮೂರು ಮರಗಳಿಗೆ ಬೇಜಾರಾಗಬಾರದಲ್ಲ? ಚಾಕೊಲೇಟ್ ತಂದರೆ ಇಡೀ ಕ್ಲಾಸಿಗೆ ಕೊಡಬೇಕೆಂದು ಕಲಿತವಳು. ಎಲ್ಲಕ್ಕೂ ಅರಿಸಿನ ಮೆತ್ತಿ ಕುಂಕುಮ ಇಟ್ಟೆ. ದಪ್ಪ ಮರದ್ದು ಅಗಲ ಹಣೆ, ಅದಕ್ಕೆ ತಕ್ಕಂತೆ ತಟ್ಟೆಯಷ್ಟು ಬೊಟ್ಟು. ಅದೊಂದೇ ನೋಡಲು ಲಕ್ಷಣವಾಗಿತ್ತು!

ಅತ್ತೆಯೂ ನಾನೂ ತೋಟದ ಮನೆಗೆ ಹೋಗಿ ಮರ ಕೊಯ್ಯುವ ನರಸಿಂಹಣ್ಣನಿಗೆ ಉಪ್ಪಿಟ್ಟು ಮಾಡುತ್ತಿದ್ದೆವು. ಯಂತ್ರದ ಸದ್ದು ಕೇಳಿತು. ಧಡಾರ್ ಎಂದಿತು. ಉಪ್ಪಿಟ್ಟಿನ ಮೇಲೆ ನಿಂಬೆಹುಳಿ ಹಿಂಡಿದೆ.

ಮಧ್ಯಾಹ್ನ ಮರ ಸಾಗಿಸುವ ಪಾಸು ಕೊಡಲು ಗಾರ್ಡ್ ಬಂದರು. ಬಿದ್ದ ಮರ ನೋಡಿದರು. ಬುಡ ನೋಡಿದರು. ಆಮೇಲೆ ನಿಂತಿದ್ದ ಸೊಟ್ಟ ಮರದ ಅರಿಸಿನವನ್ನು ಉಗುರಿನಿಂದ ಕೆರೆದರು. ಕೆಂಪು ನಂಬರ್ ಇಣುಕಿತು.

"ಯಾವನಯ್ಯಾ ದಪ್ಪಂದು ಕುಯ್ದೋನು?"

ನರಸಿಂಹಣ್ಣ ನನ್ನ ಕಡೆ ಬೆರಳು ತೋರಿಸಿದ. "ನಂಬರ್ ಎಲ್ಲೂ ಕಾಣ್ಲಿಲ್ಲ ಸಾರ್. ಪೂಜೆ ಆದ ಮರಾನೇ ನಾವು ಕುಯ್ಯೋದು. ನೋಡುದ್ರೆ ನಾಕುಕ್ಕೂ ಪೂಜೆ ಆಗೈತೆ! ದೊಡ್ ಬೊಟ್ಟಿರಾದೇ ಇರ್ಬೇಕು ಅನ್ಕಂಡು ಕುಯ್ದ್‌ಬುಟ್ಟೆ."

ನಾನು ಧೈರ್ಯ ತಂದುಕೊಂಡು ವಾದಿಸಿದೆ. "ಒಂದಕ್ಕೆ ಪರ್ಮಿಷನ್ ಇತ್ತು, ಒಂದೇ ಕಡಿದಿದ್ದೇವೆ. ಲೆಕ್ಕ ಸರಿ ಇದೆಯಲ್ಲ ಸಾರ್?"

"ಅಮ್ಮಾ, ನಿಮ್ ವೋಟು ಪಕ್ಕದ್ಮನೆಯೋರು ಹಾಕುದ್ರೂ ಲೆಕ್ಕ ಸರಿಯಾಗೇ ಇರ್ತದೆ!"

ಮಹಜರು ಬರೆಯಬೇಕೆಂದರು. ಅವರ ಕೈಬರಹ ಕೋಳಿ ಕೆದರಿದಂತಿತ್ತು. ತಡೆಯಲಾಗಲಿಲ್ಲ. "ಕೊಡಿ ಸಾರ್, ನಾನು ಬರೆದುಕೊಡ್ತೀನಿ" ಎಂದು ಕಾಗದ ಕಿತ್ತುಕೊಂಡೆ. ಮಾರ್ಜಿನ್ ಬಿಟ್ಟು, ಬೊಟ್ಟಿನ ಅಗಲವನ್ನೂ ನಮೂದಿಸಿ, ನನ್ನ ಅಪರಾಧವನ್ನು ಒಂದೂ ತಪ್ಪಿಲ್ಲದೆ ಬರೆದೆ. ಸಂಜೆ ಯಜಮಾನರು ಓದಿ ಹಣೆ ಚಚ್ಚಿಕೊಂಡರು. "ಲೇ, ಎದುರು ಪಕ್ಷದ ವಕೀಲನೂ ಇಷ್ಟು ಚೆನ್ನಾಗಿ ಬರೀತಿರಲಿಲ್ಲ ಕಣೆ!"

ದಪ್ಪ ಮರ ಜಪ್ತಿಯಾಗಿ ಲಾರಿ ಏರಿತು. ನಾನು ಹೊರಗಿನಿಂದ ರೆಡಿಮೇಡ್ ಚೌಕಟ್ಟು ತರೋಣವೆಂದೆ. ಅತ್ತೆ ಊಟ ಬಿಟ್ಟರು. ಗಾರ್ಡೇ ಕನಿಕರಪಟ್ಟು, "ಸೊಟ್ಟದಕ್ಕೆ ಪರ್ಮಿಟ್ ಇನ್ನೂ ಐತಲ್ಲ, ಅದನ್ನ ಕುಯ್ಕಳಿ. ಈ ಸಲ ಅರಿಸಿನ ಬ್ಯಾಡ" ಎಂದರು. ಕೊಯ್ಯಿಸಿದೆವು.

ಬಡಗಿ ಆ ಮರವನ್ನು ಹಿಂದೆ ಮುಂದೆ ಉರುಳಿಸಿ ನೋಡಿ, "ಇದ್ರಾಗೆ ನೆಟ್ಟಗಿರಾದು ಐದೂವರೆ ಅಡಿ, ಅಷ್ಟೆ. ಮ್ಯಾಲಕ್ಕೆ ಕೂಡುಮರ ಹಾಕ್ಲಾ?" ಎಂದ.

"ವಾಸಕಲ್ಲಿಗೆ ತೇಪೆಯಾ? ಕೂಡ್ದು!" ಎಂದರು ಅತ್ತೆ.

ಮುಹೂರ್ತ ತಪ್ಪಲಿಲ್ಲ. ಮಾವನವರ ಮರದ ಬಾಗಿಲಿನಲ್ಲೇ ಅತ್ತೆ ಬೆನ್ನು ಬಾಗಿಸಿ, ಕಣ್ಣು ತುಂಬಿಕೊಂಡು ಒಳಗೆ ಬಂದರು. ಆರಡಿಯ ಯಜಮಾನರು ದಿನಕ್ಕೆರಡು ಸಲ ಹಣೆ ಬಡಿಸಿಕೊಳ್ಳುತ್ತಾರೆ. ಗೃಹಪ್ರವೇಶಕ್ಕೆ ಬಂದ ಗಾರ್ಡ್ ಸಾಹೇಬರೂ ಬಡಿಸಿಕೊಂಡರು. ನಾನು ಮಾತ್ರ ನಾಲ್ಕು ಅಡಿ ಹನ್ನೊಂದು ಅಂಗುಲ. ತಲೆಯೆತ್ತಿಕೊಂಡು ಓಡಾಡುತ್ತೇನೆ.

"ಸೊಸೆ ಎಂಥಾ ಜಾಣೆ ಗೊತ್ತಾ? ಇಷ್ಟೆಲ್ಲ ರಂಪ ಮಾಡಿ ತನ್ನ ಅಳತೆಗೇ ಬಾಗ್ಲು ಮಾಡಿಸ್ಕಂಡವ್ಳೆ!" ಎಂದು ಅತ್ತೆ ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದಾರೆ. ನನ್ನನ್ನು ಜಾಣೆ ಎಂದದ್ದು ಅದೇ ಮೊದಲು. ನಿಜ ಹೇಳಿ ಅದನ್ನೂ ಕಳೆದುಕೊಳ್ಳುವಷ್ಟು ದಡ್ಡಿ ನಾನಲ್ಲ!