ಅಪ್ಪ, ಟಕ್?

ಹೆಗ್ಗನಹಳ್ಳಿಯ ಸಂಪತ್‌ಗೆ ಹೆಸರಿನಲ್ಲಿ ಬಿಟ್ಟರೆ ಬೇರೆಲ್ಲೂ ಸಂಪತ್ತಿಲ್ಲ. ಪೀಣ್ಯದ ಕಂಪನಿಯಲ್ಲೊಂದು ಕೆಲಸ, ಕೆಲಸಕ್ಕೆ ತಕ್ಕ ಬೈಗುಳ, ಮೂರನೆಯ ಕೈಯಿಂದ ಕೊಂಡ ಒಂದು ಕಾರು, ಇಷ್ಟೇ. ಮನೆಯಲ್ಲಿ ಅವನ ಮಾತು ನಡೆದ ದಾಖಲೆಯಿಲ್ಲ. ಕಾರಿನಲ್ಲಾದರೂ ನಡೆದೀತು ಎಂಬ ಆಸೆಯಿಂದಲೇ ಅವನು ಡ್ರೈವಿಂಗ್ ಕಲಿತದ್ದು. (ಕಾರು ನಡೆಯಿತು. ಮಾತು ನಡೆಯಲಿಲ್ಲ.)

ಹೋದ ತಿಂಗಳು ಸುಮನಹಳ್ಳಿ ಬ್ರಿಡ್ಜ್ ಹತ್ತಿರ ಆಟೊ ಒಂದು ಅಡ್ಡ ಬಂತೆಂದು ಅವನು ಬ್ರೇಕ್ ಒತ್ತಿದ. ಹಿಂದೆ ಅಜ್ಜಿಯ ತೊಡೆಯ ಮೇಲಿದ್ದ ಎರಡು ವರ್ಷದ ಮಗಳು ಮಿಂಚು, ಹೆಸರಿಗೆ ತಕ್ಕಂತೆ ಹಾರಿ ಮುಂದಿನ ಸೀಟಿಗೆ ಹಣೆ ಹೊಡೆದುಕೊಂಡಳು. ನೆಲ್ಲಿಕಾಯಿ ಗಾತ್ರದ ಬುಗುಟೆದ್ದಿತು. ಮಗು ಐದು ನಿಮಿಷ ಅತ್ತು ಸುಮ್ಮನಾಯಿತು. ಸಂಪತ್ ಅರ್ಧ ಗಂಟೆಯಾದರೂ ಕಾರನ್ನು ರಸ್ತೆಬದಿಯಿಂದ ಕದಲಿಸಲಿಲ್ಲ.

ಮಗುವಿನ ತೂಕ, ಎತ್ತರ ಅಳೆದು, ಇಪ್ಪತ್ತು ವಿಡಿಯೊ ನೋಡಿ, ಅವನು ಮಕ್ಕಳ ಕಾರ್ ಸೀಟು ತಂದೇಬಿಟ್ಟ.

"ಇದೇನೋ, ಮಗೂನ ಕಟ್ಟಿಹಾಕ್ತೀಯಾ? ಅದೇನು ಸೀಮೆ ಹಸೂನಾ?" ಎಂದರು ತಾಯಿ ಯಶೋದಮ್ಮ. "ನಿನ್ನನ್ನ ಇದೇ ತೊಡೆ ಮೇಲೆ ಸಾಕಿದ್ದು. ಉದುರಿ ಹೋದ್ಯಾ?"

"ಆಗ ನಮ್ಮನೇಲಿ ಕಾರೇ ಇರ್ಲಿಲ್ವಲ್ಲಮ್ಮ."

"ನಿಮ್ ತಾತನ ಎತ್ತಿನಗಾಡಿ ಇತ್ತಲ್ಲ!"

ಎತ್ತುಗಳು ಎಂಬತ್ತರ ಸ್ಪೀಡಿನಲ್ಲಿ ಬ್ರೇಕ್ ಹಾಕುವುದಿಲ್ಲ ಎಂಬ ಸತ್ಯವನ್ನು ಅವನು ನುಂಗಿಕೊಂಡ. ಇಷ್ಟು ಚಿಕ್ಕ ಮಗುವಿನ ಮುಖ ಕಾರಿನ ಹಿಂಭಾಗಕ್ಕಿರಬೇಕು, ಆಗ ಕತ್ತಿಗೆ ಪೆಟ್ಟಾಗುವುದಿಲ್ಲ ಎಂದು ವಿವರಿಸಿದ್ದಂತೂ ಮಹಾಪರಾಧವಾಯಿತು.

"ಅಯ್ಯೋ, ಡ್ಯಾಶ್‌ಬೋರ್ಡ್ ಮೇಲಿರೋ ಗಣಪತಿಗೆ ಬೆನ್ನು ಹಾಕಿ ಕೂರಿಸ್ತೀಯೇನೋ!"

ಸಂಪತ್ ಹಿಂದಿನ ಗಾಜಿಗೆ ಇನ್ನೊಬ್ಬ ಗಣಪತಿಯನ್ನು ಅಂಟಿಸಿದ. (ಈ ಗಣಪತಿಗೆ ಮಗುವೊಂದನ್ನು ಬಿಟ್ಟು ಮನೆಮಂದಿಯೆಲ್ಲ ಬೆನ್ನು ಹಾಕಿದ್ದು ಯಾರ ಗಮನಕ್ಕೂ ಬರಲಿಲ್ಲ.) ಮೊಣಕಾಲೂರಿ, ಬೆಲ್ಟು ಎಳೆದು, ಸೀಟು ಒಂದಿಂಚೂ ಅಲುಗದಂತೆ ಬಿಗಿದ. ಅಲುಗಾಡಿಸಿ ನೋಡಿದರೆ ಇಡೀ ಕಾರೇ ಅಲುಗಿತು. ಅವನ ಸೊಂಟವೂ.

ಭಾನುವಾರ ಕೆಂಗೇರಿಯಲ್ಲಿ ಯಶೋದಮ್ಮನ ತಂಗಿಯ ಮನೆಯ ಗೃಹಪ್ರವೇಶ. ಅಜ್ಜಿ ತೊಡಿಸಿದ್ದ ದಪ್ಪ ಸ್ವೆಟರಿನಿಂದ ಪಟ್ಟಿ ಸಡಿಲವಾದೀತೆಂದು ಅದನ್ನು ಬಿಚ್ಚಿ, ಪಟ್ಟಿಯ ಕೆಳಗೆ ಒಂದೇ ಬೆರಳು ತೂರುವಷ್ಟು ಬಿಗಿ ಮಾಡಿ ಸಂಪತ್ ಮಗಳನ್ನು ಕೂರಿಸಿದ್ದೇ ತಡ, ಬೀದಿಯವರು ಬಾಗಿಲಿಗೆ ಬರುವಂತೆ ಮಿಂಚು ಕಿರುಚಿದಳು. "ನೋಡ್ದಾ?" ಎಂದು ಯಶೋದಮ್ಮ ತೊಡೆ ತಟ್ಟಿಕೊಂಡು ಕೈ ಚಾಚಿದರು. ಆ ಬುಗುಟು ಮತ್ತೆ ಏಳುವುದು ಸಂಪತ್‌ನ ಕಣ್ಣಿಗೆ ಕಟ್ಟಿತು.

ಆಗ ಮುಂದಿನ ಸೀಟಿನಲ್ಲಿದ್ದ ಹೆಂಡತಿ ತುಂಗಾ ತಿರುಗಿ, "ಬಂಗಾರಿ, ಎಲ್ಲರ ಬೆಲ್ಟೂ ಟಕ್ ಅಂದ್ರೇನೇ ಕಾರು ಹೋಗೋದು ಕಣೇ. ನಿಂದು ಟಕ್ ಅಂತು. ಇನ್ನೆಲ್ಲರದ್ದೂ ನೀನೇ ಕೇಳು," ಎಂದಳು.

ಅಳು ನಿಂತಿತು. ಅಧಿಕಾರ ಸಿಕ್ಕರೆ ಯಾರ ಅಳು ನಿಲ್ಲುವುದಿಲ್ಲ?

"ಅಜ್ಜಿ, ಟಕ್?"

ಮಗ ಗೋಗರೆದರೂ ಹಿಂದಿನ ಸೀಟಿನ ಬೆಲ್ಟು ಮುಟ್ಟದಿದ್ದ ಯಶೋದಮ್ಮ, ರೇಷ್ಮೆ ಸೀರೆಯ ನೆರಿಗೆ ಮುದುರಿದರೂ ಚಿಂತೆಯಿಲ್ಲದೆ ಹಾಕಿಕೊಂಡರು. ಟಕ್.

"ಅಮ್ಮ, ಟಕ್?" ಟಕ್.

"ಅಪ್ಪ, ಟಕ್?"

ಸಂಪತ್ ಬೆವತ. ಇಸ್ತ್ರಿ ಮಾಡಿದ ಶರ್ಟು ಮುದುರುತ್ತದೆಂದು ಅವನು ಮೂರು ವರ್ಷದಿಂದ ಬೆಲ್ಟೇ ಹಾಕಿರಲಿಲ್ಲ. ಬೆಲ್ಟಿಲ್ಲವೆಂದು ಕಾರು ಕೀಂಯ್‌ಗುಟ್ಟದಿರಲೆಂದು, ಬೆಲ್ಟು ಕೂರುವ ಜಾಗಕ್ಕೆ ಒಂದು ಸುಳ್ಳು ಕ್ಲಿಪ್ಪು ತಂದು ಸಿಕ್ಕಿಸಿದ್ದ. ಮಗು ಹೇಗೂ ಹಿಂದಕ್ಕೆ ಮುಖ ಮಾಡಿದೆ, ಕಾಣುವುದಿಲ್ಲ. ಅವನು ನಾಲಿಗೆಯನ್ನು ಅಂಗುಳಕ್ಕೆ ಹಚ್ಚಿ, "ಟಕ್" ಎಂದ.

ಹಿಂದೆ ಕ್ಷಣಕಾಲ ವಿಚಾರಣೆ ನಡೆಯಿತು.

"ಅಪ್ಪ ಬಾಯಲ್ಲಿ!"

ತುಂಗಾ ಕ್ಲಿಪ್ಪು ಕಿತ್ತು ಅತ್ತೆಯ ಕೈಗಿತ್ತಳು. "ನೋಡಿ ಅತ್ತೆ, ಬೆಲ್ಟಿನ ತುದೀಲಿರತ್ತಲ್ಲ, ಆ ನಾಲಿಗೆ ಮಾತ್ರ ಇದು. ಬೆಲ್ಟ್ ಇಲ್ಲ."

ಯಶೋದಮ್ಮ ತಿರುಗಿಸಿ ಮುರುಗಿಸಿ ನೋಡಿದರು. "ನಾಲಿಗೆ ಐತೆ, ಹಿಂದೆ ಏನೂ ಇಲ್ಲ. ಥೇಟ್ ನನ್ ಮಗನೇ!"

ಸೀಟ್ ಕವರಿನ ಹಿಂದೆ ಸಮಾಧಿಯಾಗಿದ್ದ ಬೆಲ್ಟನ್ನು ಸಂಪತ್ ಎಳೆದು ಹಾಕಿಕೊಂಡ. ಮೂರು ವರ್ಷದ ಧೂಳು ಬಿಳಿ ಶರ್ಟಿನ ಮೇಲೆ ಬಲಭುಜದಿಂದ ಎಡಸೊಂಟಕ್ಕೆ ಕರಿಪಟ್ಟೆ ಎಳೆಯಿತು. ಕೆಂಗೇರಿಯಲ್ಲಿ ಪುರೋಹಿತರು ಅದನ್ನೇ ದಿಟ್ಟಿಸಿ, "ಏನ್ ಸ್ವಾಮಿ, ಜನಿವಾರ ಬಲಗಡೆಯಿಂದ ಹಾಕ್ಕೊಂಡಿದೀರಿ? ಹಂಗೆ ಹಾಕೋದು ತಿಥಿಗೆ. ಇವತ್ತು ಗೃಹಪ್ರವೇಶ," ಎಂದರು. ಯಶೋದಮ್ಮ ಪಂಕ್ತಿಯುದ್ದಕ್ಕೂ ಕ್ಲಿಪ್ಪು ಹಿಡಿದು, "ಇದು ನನ್ ಮಗನ ನಾಲಿಗೆ," ಎಂದು ಪರಿಚಯ ಮಾಡಿಸಿದರು. ಸಂಪತ್ ಒಬ್ಬಟ್ಟನ್ನು ಅರ್ಧಕ್ಕೇ ಬಿಟ್ಟು ಎದ್ದ.

ವಾಪಸು ಹೊರಡುವಾಗ ಮಿಂಚು ತಾನಾಗಿಯೇ ಸೀಟು ಹತ್ತಿದಳು. ಯಶೋದಮ್ಮ ತಾಂಬೂಲದ ಚೀಲವನ್ನು ಪಕ್ಕಕ್ಕಿಟ್ಟು, ಕೇಳುವ ಮೊದಲೇ ಬೆಲ್ಟು ಹಾಕಿಕೊಂಡರು. ಸಂಪತ್‌ಗೆ ಕಣ್ಣು ತುಂಬಿ ಬಂತು. ಅವನೂ ಹಾಕಿದ. ಟಕ್.

ಹಿಂದಿನಿಂದ ಅನುಮಾನದ ದನಿ: "ಬಾಯಲ್ಲಾ?"

"ಇಲ್ಲಮ್ಮಾ, ನಿಜವಾಗ್ಲೂ ಹಾಕಿದೀನಿ."

"ಇನ್ನೊಂದ್ ಸಲ ಹಾಕೋ," ಎಂದರು ಯಶೋದಮ್ಮ. "ಮಗೂಗೆ ನಂಬಿಕೆ ಬರ್ಲಿ."

ಬಿಚ್ಚಿದ, ಹಾಕಿದ. ಮತ್ತೆ ಬಿಚ್ಚಿದ, ಹಾಕಿದ. ಹಿಂದಿನ ಕಾರುಗಳು ಹಾರನ್ ಬಾರಿಸತೊಡಗಿದವು. ನಾಲ್ಕನೆಯ ಟಕ್ ಆದ ಮೇಲೆ, ಬಸ್ಸಿನ ಕಂಡಕ್ಟರನ್ನೂ ಮೀರಿಸುವ ಗತ್ತಿನಲ್ಲಿ ಮಿಂಚುವಿನ ಅಪ್ಪಣೆಯಾಯಿತು:

"ರೈಟ್!"